ಅರ್ಧ ಮಾತು ಕೇಳಿಸುವ ಸ್ಕ್ಯಾನರ್: ಡಿಜಿಟಲ್ ಟ್ರಂಕ್ ರೇಡಿಯೊವನ್ನು ಹಿಂಬಾಲಿಸುವ ಬಗೆ

2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಸುತ್ತ ಕಾಳ್ಗಿಚ್ಚು ಹಬ್ಬಿದಾಗ ‘ವಾಚ್ ಡ್ಯೂಟಿ’ ಎಂಬ ಆ್ಯಪ್‌ನ ಹೆಸರು ಬೆಳಗಾವಿಯವರೆಗೂ ಬಂತು. ಮಕ್ಕಳು ಅಲ್ಲಿರುವ ಅಪ್ಪ-ಅಮ್ಮಂದಿರು ಇಲ್ಲಿ ಟಿಳಕವಾಡಿಯಲ್ಲಿ ಕೂತು, ಬೆಂಕಿ ಎಲ್ಲಿಗೆ ಬಂತು ಅಂತ ಅದರಲ್ಲೇ ನೋಡುತ್ತಿದ್ದರು. ಅಷ್ಟು ಬೇಗ ಸುದ್ದಿ ಸಿಗಲು ಕಾರಣವಿತ್ತು. ಆ್ಯಪ್‌ಗೆ ಮಾಹಿತಿ ಹಾಕುವವರು ಅಗ್ನಿಶಾಮಕ ದಳದ ರೇಡಿಯೊ ಮಾತುಕತೆಯನ್ನು ನೇರವಾಗಿ ಕೇಳುತ್ತಿದ್ದರು. ಹಾಗೆ ಕೇಳಿಸುವ ಯಂತ್ರವೇ ಸ್ಕ್ಯಾನರ್.

ಅದನ್ನು ನೋಡಿ ಅಲ್ಲಿನ ನಮ್ಮವರೂ ಕೆಲವರು ಸ್ಕ್ಯಾನರ್ ಕೊಂಡರು. ಆರೇಳು ನೂರು ಡಾಲರ್ ಕೊಟ್ಟು ತಂದ ಪೆಟ್ಟಿಗೆಗೆ ಊರಿನ ಫ್ರೀಕ್ವೆನ್ಸಿಗಳನ್ನೆಲ್ಲ ತುಂಬಿಸಿದರು. ಕೇಳಿಸಿದ್ದು ಮಾತ್ರ ಅರ್ಧ ವಾಕ್ಯ, ಆಮೇಲೆ ಗರಗರ ಸದ್ದು, ಆಮೇಲೆ ಮೌನ. ಯಂತ್ರ ಕೆಟ್ಟಿಲ್ಲ. ಈಗಿನ ಪೊಲೀಸ್, ಅಗ್ನಿಶಾಮಕ ರೇಡಿಯೊಗಳು ಬಹುಪಾಲು ‘ಡಿಜಿಟಲ್ ಟ್ರಂಕ್’ ವ್ಯವಸ್ಥೆಯಲ್ಲಿವೆ. ಅದನ್ನು ಫ್ರೀಕ್ವೆನ್ಸಿ ಪಟ್ಟಿಯಿಂದ ಹಿಡಿಯಲು ಆಗುವುದಿಲ್ಲ.

ಇನ್ನೊಂದು ಪ್ರಶ್ನೆಯೂ ಜೊತೆಗೇ ಬರುತ್ತದೆ. ಆ ಪೆಟ್ಟಿಗೆಯನ್ನು ರಜೆಯಲ್ಲಿ ಬರುವಾಗ ಸೂಟ್‌ಕೇಸಿನಲ್ಲಿ ತಂದರೆ ಬೆಳಗಾವಿಯಲ್ಲಿ ಬಳಸಬಹುದಾ? ಉತ್ತರ ‘ಇಲ್ಲ’. ಯಾಕೆ ಅನ್ನುವುದನ್ನು ಕೊನೆಯಲ್ಲಿ ನೋಡೋಣ. ಅದಕ್ಕೆ ಮುಂಚೆ ಬರುವ ಪ್ರೋಗ್ರಾಮಿಂಗ್ ವಿವರವೆಲ್ಲ ಅಮೆರಿಕದ ಮಾತು.

ಮೊದಲು ಹೇಗಿತ್ತು

ಸ್ಕ್ಯಾನರ್ ಬರೀ ಕೇಳುವ ಯಂತ್ರ. ಅದರಲ್ಲಿ ಮಾತಾಡಲು ಬರುವುದಿಲ್ಲ. ಮನೆಯ ಎಫ್‌ಎಂ ರೇಡಿಯೊ ನೀವು ಹಚ್ಚಿದ ಒಂದೇ ಸ್ಟೇಷನ್ ಮೇಲೆ ಕೂರುತ್ತದೆ. ಸ್ಕ್ಯಾನರ್ ಹಾಗಲ್ಲ, ಒಂದು ಸೆಕೆಂಡಿನಲ್ಲಿ ಹತ್ತಾರು ಫ್ರೀಕ್ವೆನ್ಸಿಗಳ ಮೇಲೆ ಹಾರುತ್ತಾ ಹೋಗುತ್ತದೆ. ಎಲ್ಲಿ ಯಾರಾದರೂ ಮಾತಾಡುತ್ತಿದ್ದಾರೋ ಅಲ್ಲಿ ನಿಲ್ಲುತ್ತದೆ. ಮಾತು ಮುಗಿದರೆ ಮತ್ತೆ ಹೊರಡುತ್ತದೆ.

ಹಳೆಯ ಪದ್ಧತಿಯಲ್ಲಿ ಇದು ಸಾಕಿತ್ತು. ಪೊಲೀಸರಿಗೆ ಒಂದು ಫ್ರೀಕ್ವೆನ್ಸಿ, ಅಗ್ನಿಶಾಮಕಕ್ಕೆ ಒಂದು, ಪಾಲಿಕೆಯ ನೀರಿನ ವಿಭಾಗಕ್ಕೆ ಇನ್ನೊಂದು. ಯಾರ ಮಾತು ಬೇಕೋ ಅವರ ಫ್ರೀಕ್ವೆನ್ಸಿ ಹಾಕಿದರೆ ಕೆಲಸ ಮುಗಿಯಿತು. ಹೀಗೆ ಫ್ರೀಕ್ವೆನ್ಸಿಯೂ ಇಲಾಖೆಯೂ ಗಂಟು ಹಾಕಿಕೊಂಡಿರುವ ಪದ್ಧತಿಗೆ ‘ಕನ್ವೆನ್ಷನಲ್’ ಅನ್ನುತ್ತಾರೆ. ಟ್ರಂಕಿಂಗ್ ಬಂದಾಗ ಬಿಚ್ಚಿದ್ದು ಈ ಗಂಟನ್ನೇ.

ಯಾಕೆ ಬಿಚ್ಚಿದರು

ಫ್ರೀಕ್ವೆನ್ಸಿಗಳು ಕಮ್ಮಿ, ಬೇಕೆನ್ನುವವರು ಜಾಸ್ತಿ. ಆದರೆ ಹಂಚಿಕೊಟ್ಟ ಫ್ರೀಕ್ವೆನ್ಸಿಗಳು ದಿನದ ಬಹುಪಾಲು ಖಾಲಿ ಬಿದ್ದಿರುತ್ತವೆ. ನೀರಿನ ವಿಭಾಗದವರು ಗಂಟೆಗೆ ನಾಲ್ಕು ಮಾತಾಡಿ ಸುಮ್ಮನಾಗುತ್ತಾರೆ. ಅದೇ ಹೊತ್ತಿಗೆ ಪೊಲೀಸರ ಚಾನೆಲ್‌ನಲ್ಲಿ ಒಬ್ಬರ ಮೇಲೊಬ್ಬರು ಮಾತಾಡಿ ಯಾರಿಗೂ ಏನೂ ತಿಳಿಯದಂತಾಗುತ್ತದೆ.

ಈ ತೊಂದರೆಗೆ ಲೆಕ್ಕ ಹಾಕಿಟ್ಟಿದ್ದವರು ರೇಡಿಯೊದವರಲ್ಲ, ಟೆಲಿಫೋನಿನವರು. ಡೆನ್ಮಾರ್ಕಿನ ಅಗ್ನರ್ ಕ್ರಾರುಪ್ ಅರ್ಲಾಂಗ್ ಕೋಪನ್‌ಹೇಗನ್ನಿನ ಟೆಲಿಫೋನ್ ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ ಗಣಿತಜ್ಞ. ಎರಡು ಎಕ್ಸ್‌ಚೇಂಜ್‌ಗಳ ನಡುವೆ ಎಷ್ಟು ಲೈನ್ ಹಾಕಿದರೆ ಸಾಕು ಅನ್ನುವುದು ಅವರ ಪ್ರಶ್ನೆ. ಆ ಲೈನ್‌ಗಳಿಗೇ ‘ಟ್ರಂಕ್’ ಅನ್ನುತ್ತಿದ್ದರು. ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದ ಕಾಲದವರಿಗೆ ಈ ಹೆಸರು ಹೊಸದಲ್ಲ, ಅಲ್ವಾ? 1917ರಲ್ಲಿ ಅವರು ಪ್ರಕಟಿಸಿದ ಸೂತ್ರ ಇವತ್ತಿಗೂ ಬಳಕೆಯಲ್ಲಿದೆ.

ಆ ಸೂತ್ರ ಹೇಳುವುದನ್ನು ಒಮ್ಮೆ ನೋಡಿ. ನೂರು ಕರೆಗಳಲ್ಲಿ ಎರಡಕ್ಕೆ ಮಾತ್ರ ಲೈನ್ ಸಿಗದೆ ಹೋಗಬಹುದು, ಅದಕ್ಕಿಂತ ಜಾಸ್ತಿ ಆಗಬಾರದು ಅಂತ ಇಟ್ಟುಕೊಳ್ಳೋಣ. ಒಂದು ಲೈನ್ ಇದ್ದರೆ ಗಂಟೆಗೆ ಸುಮಾರು 73 ಸೆಕೆಂಡಿನ ಮಾತನ್ನಷ್ಟೇ ಅದರ ಮೇಲೆ ಹೇರಬಹುದು. ಹತ್ತು ಇಲಾಖೆಗಳಿಗೆ ಹತ್ತು ಲೈನ್ ಬೇರೆ ಬೇರೆ ಕೊಟ್ಟರೆ ಒಟ್ಟು ಸುಮಾರು 12 ನಿಮಿಷ ಆಯಿತು. ಅದೇ ಹತ್ತು ಲೈನ್‌ಗಳನ್ನು ಒಟ್ಟಿಗೆ ಇಟ್ಟು, ಯಾರಿಗೆ ಬೇಕಾದಾಗ ಖಾಲಿ ಇರುವುದನ್ನು ಕೊಟ್ಟರೆ? ಗಂಟೆಗೆ ಸುಮಾರು 305 ನಿಮಿಷದ ಮಾತು ಹಿಡಿಯುತ್ತದೆ. ಲೈನ್ ಅಷ್ಟೇ, ಕೆಲಸ ಇಪ್ಪತ್ತೈದು ಪಟ್ಟು. ರೇಡಿಯೊದಲ್ಲಿ ಚಾನೆಲ್ ಸಿಗದಿದ್ದರೆ ಕರೆ ಬಿದ್ದುಹೋಗುವುದಿಲ್ಲ, ಸರದಿಯಲ್ಲಿ ಕಾಯುತ್ತದೆ. ಹಾಗಾಗಿ ಅಲ್ಲಿ ಲೆಕ್ಕ ಸ್ವಲ್ಪ ಬೇರೆ. ಆದರೆ ಲಾಭದ ದಿಕ್ಕು ಇದೇ.

ಸಿಬಿಟಿಯಲ್ಲಿ ನಿಂತು ಯೋಚಿಸಿ

ಬೆಳಗಾವಿಯ ಸಿಬಿಟಿ ಬಸ್ ನಿಲ್ದಾಣದಲ್ಲಿ ಯಾವ ಊರಿಗೂ ಖಾಯಂ ಪ್ಲಾಟ್‌ಫಾರ್ಮ್ ಇಲ್ಲ ಅಂತ ಇಟ್ಟುಕೊಳ್ಳಿ. ಬಸ್ ಬಂದಾಗ ಎಲ್ಲಿ ಖಾಲಿ ಇದೆಯೋ ಅಲ್ಲಿ ನಿಲ್ಲುತ್ತದೆ. ಮೈಕಿನಲ್ಲಿ ಒಬ್ಬರು ಬಿಡದೆ ಕೂಗುತ್ತಿರುತ್ತಾರೆ: ಗೋಕಾಕ ಬಸ್ 7ಕ್ಕೆ, ಅಥಣಿ ಬಸ್ 3ಕ್ಕೆ, ಖಾನಾಪುರ ಬಸ್ 11ಕ್ಕೆ. ಸ್ವಲ್ಪ ಹೊತ್ತಿಗೆ 7ರಲ್ಲಿ ಬೈಲಹೊಂಗಲದ ಬಸ್ ಬಂದು ನಿಂತಿರುತ್ತದೆ.

ಗೋಕಾಕಕ್ಕೆ ಹೋಗಬೇಕಾದವರು 7ನೇ ಪ್ಲಾಟ್‌ಫಾರ್ಮಿನಲ್ಲೇ ಕೂತರೆ ಏನಾಗುತ್ತದೆ? ಒಂದು ಸಲ ಗೋಕಾಕದ ಬಸ್ ಸಿಗಬಹುದು. ಮುಂದಿನದು ಬೇರೆ ಊರಿನದು. ಫ್ರೀಕ್ವೆನ್ಸಿಗಳನ್ನು ಸುಮ್ನೆ ತುಂಬಿಸಿಟ್ಟ ಸ್ಕ್ಯಾನರ್ ಮಾಡುವುದು ಇದನ್ನೇ. ಪ್ರಶ್ನೆ ಒಂದು ಫ್ರೀಕ್ವೆನ್ಸಿಯಲ್ಲಿ ಕೇಳಿಸಿದರೆ ಉತ್ತರ ಇನ್ನೊಂದರಲ್ಲಿ ಹೋಗಿರುತ್ತದೆ. ಬುದ್ಧಿವಂತ ಪ್ರಯಾಣಿಕ ಪ್ಲಾಟ್‌ಫಾರ್ಮ್ ನೋಡುವುದಿಲ್ಲ, ಮೈಕಿಗೆ ಕಿವಿ ಕೊಡುತ್ತಾನೆ.

ರೇಡಿಯೊದಲ್ಲಿ ಆ ಮೈಕಿನ ಹೆಸರು ‘ಕಂಟ್ರೋಲ್ ಚಾನೆಲ್’. ಪ್ಲಾಟ್‌ಫಾರ್ಮ್ ಅಂದರೆ ಮಾತು ನಡೆಯುವ ಫ್ರೀಕ್ವೆನ್ಸಿ, ಅದಕ್ಕೆ ‘ವಾಯ್ಸ್ ಚಾನೆಲ್’. ಊರಿನ ಹೆಸರು ಅಂದರೆ ‘ಟಾಕ್‌ಗ್ರೂಪ್’. ಉತ್ತರ ವಲಯದ ಪೊಲೀಸರದು ಒಂದು ಟಾಕ್‌ಗ್ರೂಪ್, ಆಂಬುಲೆನ್ಸಿನವರದು ಒಂದು, ಕಸದ ಗಾಡಿಯವರದು ಇನ್ನೊಂದು. ಪ್ರತಿಯೊಂದಕ್ಕೂ ಒಂದು ಸಂಖ್ಯೆ ಇರುತ್ತದೆ.

ಒಬ್ಬ ಪೊಲೀಸ್ ವಾಕಿಟಾಕಿಯ ಗುಂಡಿ ಒತ್ತಿದ ಅಂದುಕೊಳ್ಳಿ. ಅವನ ಸೆಟ್ ಮೊದಲು ‘ನನ್ನ ಗುಂಪಿಗೆ ಜಾಗ ಬೇಕು’ ಅಂತ ವ್ಯವಸ್ಥೆಗೆ ಕೇಳುತ್ತದೆ. ಅಲ್ಲಿನ ಕಂಪ್ಯೂಟರ್ ಖಾಲಿ ಇರುವ ಒಂದು ಚಾನೆಲ್ ಆರಿಸುತ್ತದೆ. ‘2145ನೇ ಗುಂಪು ಇಂಥ ಚಾನೆಲ್‌ಗೆ’ ಅಂತ ಕಂಟ್ರೋಲ್ ಚಾನೆಲ್‌ನಲ್ಲಿ ಸಾರುತ್ತದೆ. ಆ ಗುಂಪಿನ ಎಲ್ಲ ಸೆಟ್‌ಗಳೂ ಅಲ್ಲಿಗೆ ಹಾರುತ್ತವೆ. ಇದೆಲ್ಲ ಒಂದು ಸೆಕೆಂಡಿನೊಳಗೆ ಮುಗಿದಿರುತ್ತದೆ, ಪೊಲೀಸಪ್ಪನಿಗೆ ಗೊತ್ತೂ ಆಗುವುದಿಲ್ಲ. ಮಾತು ಮುಗಿದ ಮೇಲೆ ಎಲ್ಲರೂ ಮತ್ತೆ ಕಂಟ್ರೋಲ್ ಚಾನೆಲ್‌ಗೆ ವಾಪಸ್.

ಟ್ರಂಕ್ ಹಿಂಬಾಲಿಸುವ ಸ್ಕ್ಯಾನರ್ ಕೂಡ ಕಂಟ್ರೋಲ್ ಚಾನೆಲ್ ಮೇಲೆ ಕೂತು ಈ ಸಾರುವಿಕೆಯನ್ನು ಓದುತ್ತದೆ. ನೀವು ಬೇಕೆಂದ ಗುಂಪಿನ ಸಂಖ್ಯೆ ಬಂದ ತಕ್ಷಣ ಅದೂ ಹಾರುತ್ತದೆ. ಪ್ರೋಗ್ರಾಮಿಂಗ್ ಅಂದರೆ ಅದಕ್ಕೆ ಮೂರೇ ವಿಷಯ ತಿಳಿಸುವುದು: ಮೈಕ್ ಎಲ್ಲಿದೆ, ಚಾನೆಲ್ ನಂಬರಿನಿಂದ ಫ್ರೀಕ್ವೆನ್ಸಿ ತಿಳಿಯುವುದು ಹೇಗೆ, ಯಾರ ಮಾತು ಬೇಕು. ಮೆನುವಿನಲ್ಲಿ ಐವತ್ತು ಸೆಟ್ಟಿಂಗ್ ಕಂಡರೂ ಗಾಬರಿ ಬೇಡ. ಬಹುತೇಕ ಎಲ್ಲವೂ ಈ ಮೂರರಲ್ಲಿ ಒಂದಕ್ಕೆ ಸೇರಿದ್ದೇ.

ಡಿಜಿಟಲ್ ಅಂದ ಮೇಲೆ ಏನು ಬದಲಾಯಿತು

ಟ್ರಂಕಿಂಗ್ ಬೇರೆ, ಡಿಜಿಟಲ್ ಬೇರೆ. ಹಳೆಯ ಟ್ರಂಕ್ ವ್ಯವಸ್ಥೆಗಳಲ್ಲಿ ಮಾತು ಅನಲಾಗ್ ಆಗಿಯೇ, ಅಂದರೆ ದನಿಯ ಅಲೆಯ ರೂಪದಲ್ಲೇ ಇತ್ತು. ಡಿಜಿಟಲ್‌ನಲ್ಲಿ ದನಿಯನ್ನು ಅಂಕಿಗಳಾಗಿ ಮಾಡಿ ಕಳಿಸುತ್ತಾರೆ. ಆ ಕೆಲಸ ಮಾಡುವುದು ‘ವೊಕೋಡರ್’.

ಅಮೆರಿಕದ ಪೊಲೀಸ್, ಅಗ್ನಿಶಾಮಕದವರಲ್ಲಿ ಹೆಚ್ಚು ಬಳಕೆಯಲ್ಲಿರುವುದು ‘ಪ್ರಾಜೆಕ್ಟ್ 25’ ಅಥವಾ ಪಿ25. ಅದರ ಮೊದಲ ಹಂತದಲ್ಲಿ ಸೆಕೆಂಡಿಗೆ 9,600 ಬಿಟ್ (0 ಅಥವಾ 1 ಎಂಬ ಅಂಕಿ) ಹೋಗುತ್ತದೆ. ಅದರಲ್ಲಿ ದನಿಯ ಪಾಲು 4,400. ದಾರಿಯಲ್ಲಿ ಬಿಟ್ ಕೆಟ್ಟರೆ ಸರಿಪಡಿಸಿಕೊಳ್ಳಲು 2,800. ಯಾರು ಮಾತಾಡುತ್ತಿದ್ದಾರೆ, ಯಾವ ಗುಂಪು ಎಂಬ ಮಾಹಿತಿಗೆ ಮಿಕ್ಕ 2,400. ಅನಲಾಗ್ ಸ್ಕ್ಯಾನರ್‌ಗೆ ಇದು ಬರೀ ಗರಗರ. ಆ ಸದ್ದು ಕೇಳಿ ಆಂಟೆನಾ ಬದಲಾಯಿಸುತ್ತಾ ಕೂರುವವರಿದ್ದಾರೆ. ಆಂಟೆನಾದಿಂದ ಅದು ಸರಿಹೋಗುವುದಿಲ್ಲ.

ಪಿ25 ಎರಡನೇ ಹಂತದಲ್ಲಿ ಒಂದೇ ಫ್ರೀಕ್ವೆನ್ಸಿಯನ್ನು 30 ಮಿಲಿಸೆಕೆಂಡಿನ ತುಂಡುಗಳಾಗಿ ಕತ್ತರಿಸಿ, ಎರಡು ಮಾತುಕತೆಗಳಿಗೆ ಸರದಿಯ ಮೇಲೆ ಕೊಡುತ್ತಾರೆ. ಈ ತುಂಡಿಗೆ ‘ಸ್ಲಾಟ್’ ಅನ್ನುತ್ತಾರೆ. ಇಲ್ಲಿ ಒಂದು ಗೊಂದಲ ಸಾಮಾನ್ಯ. ಎರಡನೇ ಹಂತದ ವ್ಯವಸ್ಥೆಯಲ್ಲೂ ಕಂಟ್ರೋಲ್ ಚಾನೆಲ್ ಮೊದಲ ಹಂತದ ರೀತಿಯಲ್ಲೇ ಇರುತ್ತದೆ. ಆದ್ದರಿಂದ ಮೊದಲ ಹಂತದ ಹಳೆಯ ಸ್ಕ್ಯಾನರ್ ಸಾರುವಿಕೆಯನ್ನು ಚೆನ್ನಾಗಿ ಓದುತ್ತದೆ, ಗುಂಪಿನ ಸಂಖ್ಯೆಗಳನ್ನೂ ತೋರಿಸಬಹುದು. ಆದರೆ ಮಾತು ಬರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಮೋಸ ಹೋಗುವುದು ಹೆಚ್ಚಾಗಿ ಇಲ್ಲೇ.

ಉಳಿದ ಡಿಜಿಟಲ್ ಬಗೆಗಳು ಚಿಕ್ಕದಾಗಿ. ಡಿಎಂಆರ್ ಯುರೋಪಿನಲ್ಲಿ ಹುಟ್ಟಿದ್ದು, ಕಾರ್ಖಾನೆ, ಹೋಟೆಲು, ಟ್ಯಾಕ್ಸಿಗಳಲ್ಲಿ ಬಳಕೆ ಜಾಸ್ತಿ. ಎನ್‌ಎಕ್ಸ್‌ಡಿಎನ್ ಐಕಾಮ್ ಮತ್ತು ಕೆನ್‌ವುಡ್ ಕಂಪನಿಗಳು ಸೇರಿ ಮಾಡಿದ್ದು. ಟೆಟ್ರಾ ಯುರೋಪಿನ ಪೊಲೀಸರದು, ನಮ್ಮಲ್ಲಿ ದೆಹಲಿ ಮೆಟ್ರೊ ಕೂಡ ಅದನ್ನೇ ಬಳಸುತ್ತದೆ. ಅಂಗಡಿಯಲ್ಲಿ ಸಿಗುವ ಅಮೆರಿಕದ ಸ್ಕ್ಯಾನರ್‌ಗಳು ಟೆಟ್ರಾ ಓದುವುದಿಲ್ಲ. ಯುನಿಡೆನ್ ಕಂಪನಿಯ ಎಸ್‌ಡಿಎಸ್100ನಂಥ ಸ್ಕ್ಯಾನರ್‌ನಲ್ಲಿ ಪಿ25ರ ಎರಡೂ ಹಂತ ಮೊದಲಿನಿಂದಲೇ ಇರುತ್ತವೆ. ಡಿಎಂಆರ್, ಎನ್‌ಎಕ್ಸ್‌ಡಿಎನ್ ಬೇಕಾದರೆ ಬೇರೆ ದುಡ್ಡು ಕೊಟ್ಟು ತೆರೆಸಿಕೊಳ್ಳಬೇಕು.

ಚಾನೆಲ್ ನಂಬರಿನಿಂದ ಫ್ರೀಕ್ವೆನ್ಸಿಗೆ

ಇಡೀ ವಿಷಯದಲ್ಲಿ ನನಗೆ ತುಂಬ ಹಿಡಿಸಿದ ಭಾಗ ಇದು. ಸ್ವಲ್ಪ ನಿಧಾನವಾಗಿ ನೋಡೋಣ.

ಕಂಟ್ರೋಲ್ ಚಾನೆಲ್ ‘853.50625 ಮೆಗಾಹರ್ಟ್ಸ್‌ಗೆ ಹೋಗಿ’ ಅಂತ ಪೂರ್ತಿ ಹೇಳುವುದಿಲ್ಲ. ಅಷ್ಟು ಉದ್ದ ಹೇಳಲು ಪುರುಸೊತ್ತಿಲ್ಲ. ಬದಲಿಗೆ 16 ಬಿಟ್‌ನ ಒಂದು ಚಾನೆಲ್ ನಂಬರ್ ಹೇಳುತ್ತದೆ. ಅದರ ಮೊದಲ 4 ಬಿಟ್ ಯಾವ ಕೋಷ್ಟಕ ನೋಡಬೇಕು ಅನ್ನುವುದಕ್ಕೆ. ಉಳಿದ 12 ಬಿಟ್ ಆ ಕೋಷ್ಟಕದಲ್ಲಿ ಎಷ್ಟನೆಯದು ಅನ್ನುವುದಕ್ಕೆ.

ಕೋಷ್ಟಕದಲ್ಲಿ ಮುಖ್ಯವಾಗಿ ಎರಡು ಅಂಕಿ: ಎಲ್ಲಿಂದ ಶುರು, ಹೆಜ್ಜೆ ಎಷ್ಟು. ಶುರು 851.00625 ಮೆಗಾಹರ್ಟ್ಸ್, ಹೆಜ್ಜೆ 0.00625 ಅಂದುಕೊಳ್ಳಿ. 400ನೇ ಚಾನೆಲ್ ಅಂತ ಬಂದರೆ 400ನ್ನು 0.00625ರಿಂದ ಗುಣಿಸಿ, 2.5 ಆಯಿತು. ಶುರುವಿಗೆ ಕೂಡಿಸಿದರೆ 853.50625. ಅಷ್ಟೇ ಲೆಕ್ಕ.

ಎರಡನೇ ಹಂತದಲ್ಲಿ ಒಂದು ಹೆಜ್ಜೆ ಜಾಸ್ತಿ. ಒಂದು ಫ್ರೀಕ್ವೆನ್ಸಿಯಲ್ಲಿ ಎರಡು ಸ್ಲಾಟ್ ಇರುವುದರಿಂದ ನಂಬರನ್ನು ಮೊದಲು ಎರಡರಿಂದ ಭಾಗಿಸಬೇಕು. ಶುರು 762.00625, ಹೆಜ್ಜೆ 0.0125, ನಂಬರ್ 1601 ಅಂದುಕೊಳ್ಳಿ. 1601ರ ಅರ್ಧ 800, ಶೇಷ 1. 800ಕ್ಕೆ 10 ಮೆಗಾಹರ್ಟ್ಸ್, ಕೂಡಿಸಿದರೆ 772.00625. ಶೇಷ 1 ಅಂದರೆ ಎರಡನೇ ಸ್ಲಾಟ್. ಶೇಷ 0 ಬಂದಿದ್ದರೆ ಅದೇ ಫ್ರೀಕ್ವೆನ್ಸಿ, ಮೊದಲನೇ ಸ್ಲಾಟ್.

ಪಿ25ರ ಅನುಕೂಲ ಏನೆಂದರೆ, ಈ ಕೋಷ್ಟಕವನ್ನೂ ಕಂಟ್ರೋಲ್ ಚಾನೆಲ್ ಮೇಲಿಂದ ಮೇಲೆ ಸಾರುತ್ತಲೇ ಇರುತ್ತದೆ. ಹಾಗಾಗಿ ನೀವು ಕಂಟ್ರೋಲ್ ಚಾನೆಲ್‌ನ ಫ್ರೀಕ್ವೆನ್ಸಿ ಮಾತ್ರ ಕೊಟ್ಟರೆ ಸಾಕು, ಉಳಿದಿದ್ದನ್ನು ಸ್ಕ್ಯಾನರ್ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ. ಮಾತಿನ ಫ್ರೀಕ್ವೆನ್ಸಿಗಳನ್ನೆಲ್ಲ ಟೈಪ್ ಮಾಡುತ್ತಾ ಕೂರುವ ಅಗತ್ಯವಿಲ್ಲ.

ಡಿಎಂಆರ್ ಟ್ರಂಕಿಂಗ್ ಮತ್ತು ಇಡಾಕ್ಸ್ ಎಂಬ ಹಳೆಯ ಟ್ರಂಕ್ ವ್ಯವಸ್ಥೆಗಳಲ್ಲಿ ಈ ಸುಖವಿಲ್ಲ. ಅಲ್ಲಿ ‘4ನೇ ಚಾನೆಲ್’ ಅಂತ ಮಾತ್ರ ಕೇಳಿಸುತ್ತದೆ. 4 ಅಂದರೆ ಯಾವ ಫ್ರೀಕ್ವೆನ್ಸಿ ಅನ್ನುವುದನ್ನು ನೀವೇ ಹೇಳಿಕೊಟ್ಟಿರಬೇಕು. ಈ ಕ್ರಮಸಂಖ್ಯೆಗೆ ಎಲ್‌ಸಿಎನ್ ಅನ್ನುತ್ತಾರೆ. ಫ್ರೀಕ್ವೆನ್ಸಿಗಳೆಲ್ಲ ಸರಿಯಿದ್ದು ಎಲ್‌ಸಿಎನ್ ಮಾತ್ರ ಹಿಂದುಮುಂದಾದರೆ ಸ್ಕ್ಯಾನರ್ ಆತ್ಮವಿಶ್ವಾಸದಿಂದ ತಪ್ಪು ಜಾಗಕ್ಕೆ ಹಾರುತ್ತದೆ. ಪರದೆ ಮೇಲೆ ಪೊಲೀಸ್ ಅಂತ ಬರೆದಿರುತ್ತದೆ, ಕೇಳಿಸುವುದು ಕಸದ ಗಾಡಿಯವರ ಮಾತು.

ಕೈಯಿಟ್ಟು ಮಾಡುವಾಗ

ಮಾಹಿತಿ ಎಲ್ಲಿ ಸಿಗುತ್ತದೆ? ಅಮೆರಿಕದಲ್ಲಿ ಹವ್ಯಾಸಿಗಳು ಸೇರಿ ಬೆಳೆಸಿದ ‘ರೇಡಿಯೊ ರೆಫರೆನ್ಸ್’ ಎಂಬ ದತ್ತಾಂಶದಲ್ಲಿ ಪ್ರತಿ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ವಿವರ ಇರುತ್ತದೆ. ಮೊದಲು ನೋಡಬೇಕಾದ್ದು ವ್ಯವಸ್ಥೆ ಯಾವ ಬಗೆಯದು, ಪಿ25 ಆದರೆ ಮೊದಲ ಹಂತವೋ ಎರಡನೆಯದೋ ಅಂತ. ಆಮೇಲೆ ‘ಸೈಟ್’. ಸೈಟ್ ಅಂದರೆ ಒಂದು ಟವರ್, ಅಥವಾ ಒಂದೇ ಆಗಿ ಕೆಲಸ ಮಾಡುವ ಟವರ್‌ಗಳ ಗುಂಪು. ಮಿಷಿಗನ್ನಿನ ಎಂಪಿಎಸ್‌ಸಿಎಸ್, ನಾರ್ತ್ ಕ್ಯಾರೊಲಿನಾದಲ್ಲಿ ಹೆದ್ದಾರಿ ಪೊಲೀಸರು ನಡೆಸುವ ವೈಪರ್ ಮುಂತಾದವು ಇಡೀ ರಾಜ್ಯಕ್ಕೆ ಹಬ್ಬಿದ ವ್ಯವಸ್ಥೆಗಳು. ಎಲ್ಲ ಸೈಟ್‌ಗಳನ್ನೂ ಹಾಕಿದರೆ ಸ್ಕ್ಯಾನರ್ ದೂರದ, ಕೇಳಿಸದ ಟವರ್‌ಗಳನ್ನು ಹುಡುಕುತ್ತಲೇ ಹೊತ್ತು ಕಳೆಯುತ್ತದೆ. ಮನೆಗೆ ಹತ್ತಿರದ ಒಂದೇ ಸೈಟ್‌ನಿಂದ ಶುರು ಮಾಡುವುದು ಒಳ್ಳೆಯದು.

ಪ್ರತಿ ಸೈಟ್‌ನ ಮುಂದೆ ಫ್ರೀಕ್ವೆನ್ಸಿಗಳ ಸಾಲಿರುತ್ತದೆ. ಅದರಲ್ಲಿ ‘ಸಿ’ ಅಕ್ಷರ ಇರುವುದು ಮುಖ್ಯ ಕಂಟ್ರೋಲ್ ಚಾನೆಲ್, ‘ಎ’ ಇರುವುದು ಬದಲಿ. ಬದಲಿಯನ್ನೂ ಹಾಕಲೇಬೇಕು. ಮುಖ್ಯ ಚಾನೆಲ್ ಕೆಟ್ಟಾಗ ಅಥವಾ ರಿಪೇರಿಗೆ ನಿಲ್ಲಿಸಿದಾಗ ವ್ಯವಸ್ಥೆ ಬದಲಿಗೆ ಹೋಗುತ್ತದೆ. ಅದಿಲ್ಲದಿದ್ದರೆ ನಿನ್ನೆವರೆಗೆ ಚೆನ್ನಾಗಿದ್ದ ಸ್ಕ್ಯಾನರ್ ಇವತ್ತು ಸುಮ್ನೆ ಕೂರುತ್ತದೆ.

ಕೊನೆಗೆ ಟಾಕ್‌ಗ್ರೂಪ್. ಪಿ25ನಲ್ಲಿ ಗುಂಪಿನ ಸಂಖ್ಯೆ 65,535ರವರೆಗೆ ಹೋಗಬಹುದು. ದತ್ತಾಂಶದಲ್ಲಿ ಇದನ್ನು ನಾವು ಎಣಿಸುವ ದಶಮಾನದಲ್ಲೂ ಹದಿನಾರರ ಮಾನದಲ್ಲೂ (ಹೆಕ್ಸಾಡೆಸಿಮಲ್) ಬರೆದಿರುತ್ತಾರೆ. ಒಂದರ ಅಂಕಿಯನ್ನು ಇನ್ನೊಂದರ ಜಾಗದಲ್ಲಿ ಹಾಕಿದರೆ ಯಾವ ತಪ್ಪು ಸಂದೇಶವೂ ಬರುವುದಿಲ್ಲ, ಮಾತೂ ಬರುವುದಿಲ್ಲ. ಸ್ಕ್ಯಾನರ್ ದಶಮಾನ ಕೇಳುತ್ತಿದೆಯಾ ಅಂತ ಒಮ್ಮೆ ನೋಡಿಕೊಳ್ಳಿ.

ಯುನಿಡೆನ್‌ನ ಹೊಸ ಸ್ಕ್ಯಾನರ್‌ಗಳಲ್ಲಿ ಇದೆಲ್ಲ ಒಂದರೊಳಗೊಂದು ಕೂತಿರುತ್ತದೆ. ಮೇಲೆ ‘ಸಿಸ್ಟಮ್’, ಅದರೊಳಗೆ ಒಂದು ಕಡೆ ಸೈಟ್‌ಗಳು, ಇನ್ನೊಂದು ಕಡೆ ‘ಡಿಪಾರ್ಟ್‌ಮೆಂಟ್‌’ಗಳು, ಅವುಗಳೊಳಗೆ ಟಾಕ್‌ಗ್ರೂಪ್‌ಗಳು. ಗುಂಡಿ ಒತ್ತಿ ಒತ್ತಿ ತುಂಬಿಸುವ ಕಾಲ ಹೋಯಿತು. ‘ಸೆಂಟಿನಲ್’ ಎಂಬ ಕಂಪ್ಯೂಟರ್ ಪ್ರೋಗ್ರಾಮ್‌ನಲ್ಲಿ ಊರು ಹುಡುಕಿ, ಬೇಕಾದ ಇಲಾಖೆಗಳನ್ನು ಆರಿಸಿ ‘ಫೇವರಿಟ್ಸ್ ಲಿಸ್ಟ್‌’ಗೆ ಹಾಕಿ, ತಂತಿ ಜೋಡಿಸಿ ಸ್ಕ್ಯಾನರ್‌ಗೆ ಬರೆದರೆ ಆಯಿತು. ಪಿನ್‌ಕೋಡ್ ಹಾಕಿದರೆ ಹತ್ತಿರದ್ದನ್ನೆಲ್ಲ ತಾನೇ ಆರಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಆದರೆ ಅದು ಶಾಲಾ ಬಸ್ಸಿನಿಂದ ಹಿಡಿದು ಎಲ್ಲವನ್ನೂ ತುಂಬುತ್ತದೆ. ನಿಮಗೆ ಬೇಕಾದ ಅಗ್ನಿಶಾಮಕದ ಮಾತು ಆ ಗದ್ದಲದಲ್ಲಿ ಕಳೆದುಹೋಗುತ್ತದೆ.

ಎರಡು ರೀತಿಯಲ್ಲಿ ಕೇಳಬಹುದು. ‘ಐಡಿ ಸ್ಕ್ಯಾನ್’ ಅಂದರೆ ನೀವು ಹಾಕಿದ ಗುಂಪುಗಳು ಮಾತ್ರ. ‘ಐಡಿ ಸರ್ಚ್’ ಅಂದರೆ ಆ ವ್ಯವಸ್ಥೆಯಲ್ಲಿ ಯಾರು ಮಾತಾಡಿದರೂ. ಮೊದಲ ದಿನ ಸರ್ಚ್ ಹಾಕಿ ನೋಡಿ. ಏನಾದರೂ ಕೇಳಿಸಿದರೆ ಕಂಟ್ರೋಲ್ ಚಾನೆಲ್ ಸರಿಯಿದೆ ಅಂತ ಅರ್ಥ, ತಪ್ಪೇನಿದ್ದರೂ ಗುಂಪಿನ ಸಂಖ್ಯೆಯಲ್ಲಿದೆ. ಸರ್ಚ್‌ನಲ್ಲೂ ಏನೂ ಇಲ್ಲ ಅಂದರೆ ತಪ್ಪು ಸೈಟ್‌ನಲ್ಲಿ ಅಥವಾ ಸಿಗ್ನಲ್‌ನಲ್ಲಿದೆ. ಈ ಒಂದು ಪರೀಕ್ಷೆ ಅರ್ಧ ದಿನದ ತಲೆನೋವು ಉಳಿಸುತ್ತದೆ.

ಇನ್ನೊಂದು ಚಿಕ್ಕ ಸೆಟ್ಟಿಂಗ್ ‘ಡಿಲೇ’. ಒಬ್ಬರ ಮಾತು ಮುಗಿದ ಮೇಲೆ ಸ್ಕ್ಯಾನರ್ ಎರಡು ಸೆಕೆಂಡು ಅದೇ ಗುಂಪಿಗಾಗಿ ಕಾದರೆ ಉತ್ತರವೂ ಸಿಗುತ್ತದೆ. ಸೊನ್ನೆ ಇಟ್ಟರೆ ಪ್ರಶ್ನೆ ಮಾತ್ರ ಕೇಳಿಸಿ, ಉತ್ತರ ಬರುವಷ್ಟರಲ್ಲಿ ಯಂತ್ರ ಬೇರೆ ಗುಂಪಿಗೆ ಹೋಗಿರುತ್ತದೆ.

ಎಲ್ಲ ಸರಿಯಿದ್ದೂ ಮೌನ

ಒಂದು ಕಾರಣ ಗೂಢಲಿಪಿ, ಅಂದರೆ ಎನ್‌ಕ್ರಿಪ್ಷನ್. ಅಮೆರಿಕದ ಅನೇಕ ಪೊಲೀಸ್ ಇಲಾಖೆಗಳು ಈಗ ತಮ್ಮ ಮಾತನ್ನು ಬೀಗ ಹಾಕಿಯೇ ಕಳಿಸುತ್ತವೆ. ನ್ಯೂಯಾರ್ಕ್ ಪೊಲೀಸರು 2023ರಿಂದ ಇದನ್ನು ಹಂತ ಹಂತವಾಗಿ ಶುರು ಮಾಡಿದರು. ಕಂಟ್ರೋಲ್ ಚಾನೆಲ್‌ನಲ್ಲಿ ಗುಂಪಿನ ಸಂಖ್ಯೆ ಕಾಣುತ್ತದೆ, ಮಾತು ಬರುವುದಿಲ್ಲ. ಯಾವ ಸ್ಕ್ಯಾನರ್‌ನಿಂದಲೂ, ಯಾವ ಸೆಟ್ಟಿಂಗ್‌ನಿಂದಲೂ ಇದು ತೆರೆಯುವುದಿಲ್ಲ. ‘ಅನ್‌ಲಾಕ್ ಮಾಡಿಕೊಡುತ್ತೇವೆ’ ಅನ್ನುವವರಿಗೆ ದುಡ್ಡು ಕೊಡಬೇಡಿ.

ಇನ್ನೊಂದು ಕಾರಣ ಅಷ್ಟು ಗೊತ್ತಿರುವಂಥದ್ದಲ್ಲ. ಒಂದು ಗುಂಪಿನ ಮಾತು ಎಲ್ಲ ಟವರ್‌ಗಳಿಂದಲೂ ಹೊರಡುವುದಿಲ್ಲ. ಆ ಗುಂಪಿನ ಒಂದಾದರೂ ಸೆಟ್ ಯಾವ ಟವರ್‌ಗೆ ಹೆಸರು ನೋಂದಾಯಿಸಿದೆಯೋ ಅಲ್ಲಿಗೆ ಮಾತ್ರ ವ್ಯವಸ್ಥೆ ಮಾತನ್ನು ಕಳಿಸುತ್ತದೆ. ಪಕ್ಕದ ಕೌಂಟಿಯ ಅಗ್ನಿಶಾಮಕದವರ ಗುಂಪನ್ನು ನಿಮ್ಮ ಊರಿನ ಟವರ್‌ನಲ್ಲಿ ಹುಡುಕಿದರೆ, ಅವರ ಗಾಡಿ ಈ ಕಡೆ ಬಂದ ದಿನ ಮಾತ್ರ ಕೇಳಿಸುತ್ತದೆ. ಸ್ಕ್ಯಾನರ್ ಬರೀ ಕೇಳುವ ಯಂತ್ರವಾದ್ದರಿಂದ ತಾನೇ ನೋಂದಾಯಿಸಿಕೊಂಡು ಮಾತನ್ನು ಕರೆಸಿಕೊಳ್ಳಲು ಆಗುವುದಿಲ್ಲ.

ನಗರಗಳಲ್ಲಿ ಜಾಸ್ತಿ ಕಾಡುವುದು ‘ಸೈಮಲ್‌ಕಾಸ್ಟ್’. ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಕ್ಷಣದಲ್ಲಿ, ಒಂದೇ ಮಾತನ್ನು ಕಳಿಸುವ ಪದ್ಧತಿ ಇದು. ಟವರ್‌ನಿಂದ ಎಲ್ಲವೂ ಒಟ್ಟಿಗೇ ಹೊರಡುತ್ತವೆ, ನಿಮ್ಮ ಮನೆಗೆ ಮಾತ್ರ ಒಟ್ಟಿಗೆ ಬಂದು ಮುಟ್ಟುವುದಿಲ್ಲ. ಲೆಕ್ಕ ಹೀಗೆ: ಪಿ25 ಮೊದಲ ಹಂತದಲ್ಲಿ ಸೆಕೆಂಡಿಗೆ 4,800 ಸಂಕೇತ, ಅಂದರೆ ಒಂದೊಂದಕ್ಕೆ ಸುಮಾರು 208 ಮೈಕ್ರೊಸೆಕೆಂಡ್. ರೇಡಿಯೊ ಅಲೆ ಒಂದು ಮೈಕ್ರೊಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಒಂದು ಟವರ್ ಇನ್ನೊಂದಕ್ಕಿಂತ 15 ಕಿಲೋಮೀಟರ್ ದೂರವಿದ್ದರೆ ಅದರ ಸಿಗ್ನಲ್ 50 ಮೈಕ್ರೊಸೆಕೆಂಡ್ ತಡ. ಒಂದು ಸಂಕೇತದ ಕಾಲು ಭಾಗ! ಎರಡೂ ಒಂದರ ಮೇಲೊಂದು ಬಿದ್ದು ಕಲಸಿಹೋಗುತ್ತವೆ. ಪರದೆಯಲ್ಲಿ ಸಿಗ್ನಲ್ ಕಡ್ಡಿಗಳು ತುಂಬಿರುತ್ತವೆ, ಮಾತು ಮಾತ್ರ ಗುಳುಗುಳು. ಸಿಗ್ನಲ್ ಇಷ್ಟು ಜೋರಾಗಿದ್ದೂ ಯಾಕೆ ಹೀಗೆ ಅಂತ ಜನ ತಲೆ ಕೆಡಿಸಿಕೊಳ್ಳುವುದು ಸಹಜ.

ಇದಕ್ಕೆ ದೊಡ್ಡ ಆಂಟೆನಾ ಮದ್ದಲ್ಲ. ಅದರಿಂದ ಎಲ್ಲ ಟವರ್‌ಗಳೂ ಇನ್ನಷ್ಟು ಜೋರಾಗಿ ಬರುತ್ತವೆ, ಅಷ್ಟೇ. ಒಂದೇ ಟವರ್ ಕಡೆ ಮುಖ ಮಾಡುವ ಯಾಗಿ ಆಂಟೆನಾ ಹಾಕಿದರೆ ಸುಧಾರಿಸುತ್ತದೆ. ಹ್ಯಾಂಡ್‌ಸೆಟ್ ಆದರೆ ಕೋಣೆಯಲ್ಲಿ ಜಾಗ ಬದಲಾಯಿಸಿ, ಗೋಡೆಯ ಮರೆಗೆ ಇಟ್ಟು ನೋಡಿ. 2018ರಲ್ಲಿ ಬಂದ ಎಸ್‌ಡಿಎಸ್100ಗೆ ಅಷ್ಟು ಬೆಲೆ ಇರುವುದು ಈ ಕಲಸುಮೇಲೋಗರವನ್ನು ಬಿಡಿಸುವ ರಿಸೀವರ್ ಅದರಲ್ಲಿ ಇರುವುದರಿಂದಲೇ.

ಕಡಿಮೆ ಖರ್ಚಿನ ದಾರಿ

ಟಿವಿ ನೋಡಲು ಮಾಡಿದ ಒಂದು ಯುಎಸ್‌ಬಿ ಕಡ್ಡಿಯನ್ನು ಕಂಪ್ಯೂಟರ್‌ಗೆ ಹಚ್ಚಿ ಸ್ಕ್ಯಾನರ್ ಮಾಡಬಹುದು ಅನ್ನುವುದು 2012ರಲ್ಲಿ ಹವ್ಯಾಸಿಗಳಿಗೆ ತಿಳಿಯಿತು. ಇದಕ್ಕೆ ಆರ್‌ಟಿಎಲ್-ಎಸ್‌ಡಿಆರ್ ಅನ್ನುತ್ತಾರೆ. ಬೆಲೆ ಸ್ಕ್ಯಾನರ್‌ನ ಒಂದು ಸಣ್ಣ ಪಾಲು. ಒಂದು ಸಲಕ್ಕೆ ಸುಮಾರು 2.4 ಮೆಗಾಹರ್ಟ್ಸ್ ಅಗಲದ ಪಟ್ಟಿಯನ್ನು ಪೂರ್ತಿ ನುಂಗುತ್ತದೆ. ಕಂಟ್ರೋಲ್ ಚಾನೆಲ್ಲೂ ಮಾತಿನ ಚಾನೆಲ್‌ಗಳೂ ಆ ಪಟ್ಟಿಯೊಳಗಿದ್ದರೆ ಹಾರಾಟವೇ ಬೇಕಿಲ್ಲ, ಎಲ್ಲ ಗುಂಪುಗಳ ಮಾತನ್ನೂ ಒಟ್ಟಿಗೇ ಹಿಡಿಯಬಹುದು. ಇಲ್ಲದಿದ್ದರೆ ಎರಡು ಕಡ್ಡಿ ಬೇಕು. ‘ಎಸ್‌ಡಿಆರ್‌ಟ್ರಂಕ್’, ‘ಒಪಿ25’ ಎಂಬ ಉಚಿತ ಪ್ರೋಗ್ರಾಮ್‌ಗಳಿವೆ. ತಿಳಿಸಬೇಕಾದ ವಿಷಯಗಳು ಅವೇ ಮೂರು.

ಬೆಳಗಾವಿಗೆ ತಂದರೆ?

ಅಮೆರಿಕದಲ್ಲಿ ಬೀಗ ಹಾಕದ ಪೊಲೀಸ್, ಅಗ್ನಿಶಾಮಕ ಮಾತನ್ನು ಮನೆಯಲ್ಲಿ ಕೂತು ಕೇಳುವುದಕ್ಕೆ ಸಾಮಾನ್ಯವಾಗಿ ಅಡ್ಡಿಯಿಲ್ಲ. ನ್ಯೂಯಾರ್ಕ್, ಫ್ಲಾರಿಡಾ, ಮಿನೆಸೋಟದಂಥ ಕೆಲವು ರಾಜ್ಯಗಳಲ್ಲಿ ಕಾರಿನಲ್ಲಿ ಇಟ್ಟುಕೊಳ್ಳಲು ನಿರ್ಬಂಧವಿದೆ. ನಮ್ಮ ಕಾನೂನು ಬೇರೆಯೇ. ವೈರ್‌ಲೆಸ್ ಯಂತ್ರ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು ಅನ್ನುವ ಕಾಯ್ದೆ ಇಲ್ಲಿ 1933ರಲ್ಲೇ ಬಂದಿತ್ತು. 2023ರ ದೂರಸಂಪರ್ಕ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಕಾನೂನುಬಾಹಿರವಾಗಿ ಸಂದೇಶ ಕದ್ದು ಕೇಳಿದರೆ 3 ವರ್ಷದವರೆಗೆ ಜೈಲು, 2 ಕೋಟಿ ರೂಪಾಯಿವರೆಗೆ ದಂಡ, ಅಥವಾ ಎರಡೂ. ಚಳಿಗಾಲದ ಅಧಿವೇಶನದ ಹೊತ್ತಿಗೆ ಸುವರ್ಣ ವಿಧಾನಸೌಧದ ಸುತ್ತ ವಾಕಿಟಾಕಿಗಳು ಕಂಡಾಗ ಸುಮ್ನೆ ಒಮ್ಮೆ ಹಾಕಿ ನೋಡೋಣ ಅನ್ನಿಸಬಹುದು. ಹಾಕಬೇಡಿ. ಗಣಪತಿ ಮೆರವಣಿಗೆಯ ದಿನವೂ ಅಷ್ಟೇ. ಕುತೂಹಲಕ್ಕೆ ಕೇಳಿದೆ ಅನ್ನುವುದು ಕಾನೂನಿನ ಮುಂದೆ ನಿಲ್ಲುವ ಉತ್ತರವಲ್ಲ.

ವಾಕಿಟಾಕಿ ಕೊಳ್ಳುವವರಿಗೂ ಒಂದು ಮಾತು. ಲೈಸೆನ್ಸ್ ವಿವರ ಹೇಳದೆ ಆನ್‌ಲೈನ್‌ನಲ್ಲಿ ವಾಕಿಟಾಕಿ ಮಾರುವುದನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2025ರಲ್ಲಿ ಮಾರ್ಗಸೂಚಿ ತಂದಿದೆ. 446.0ರಿಂದ 446.2 ಮೆಗಾಹರ್ಟ್ಸ್‌ವರೆಗಿನ ಕಡಿಮೆ ಶಕ್ತಿಯ ಸೆಟ್‌ಗಳಿಗೆ ಲೈಸೆನ್ಸ್ ಬೇಡ, ಆದರೆ ಸೆಟ್‌ಗೆ ಸರ್ಕಾರದ ಅನುಮೋದನೆ ಇರಬೇಕು.

ಇಷ್ಟು ಓದಿದ ಮೇಲೂ ಕೈ ತುರಿಸುತ್ತಿದ್ದರೆ ಹ್ಯಾಮ್ ರೇಡಿಯೊ, ಅಂದರೆ ಹವ್ಯಾಸಿಗಳ ರೇಡಿಯೊ ಇದೆ. 12 ವರ್ಷ ತುಂಬಿದ ಯಾರು ಬೇಕಾದರೂ ದೂರಸಂಪರ್ಕ ಇಲಾಖೆಯ ಪರೀಕ್ಷೆ ಬರೆದು ಲೈಸೆನ್ಸ್ ಪಡೆಯಬಹುದು. ರಿಸ್ಟ್ರಿಕ್ಟೆಡ್, ಜನರಲ್ ಅಂತ ಎರಡು ದರ್ಜೆ. ಹ್ಯಾಮ್‌ಗಳಿಗೆ 144ರಿಂದ 146, 434ರಿಂದ 438 ಮೆಗಾಹರ್ಟ್ಸ್ ಪಟ್ಟಿಗಳಲ್ಲಿ ಕೇಳಲೂ ಮಾತಾಡಲೂ ಅವಕಾಶವಿದೆ. ಅಲ್ಲೂ ಡಿಎಂಆರ್ ಬಳಕೆಯಲ್ಲಿದೆ. ಅಲ್ಲಿ ಟ್ರಂಕಿಂಗ್ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಸೆಟ್‌ಗೆ ತುಂಬಿಸಬೇಕಾದ್ದು ಪರಿಚಿತವೇ: ಫ್ರೀಕ್ವೆನ್ಸಿ, ಸ್ಲಾಟ್ ಒಂದೋ ಎರಡೋ, ಟಾಕ್‌ಗ್ರೂಪ್ ಸಂಖ್ಯೆ, ಮತ್ತು ಅಕ್ಕಪಕ್ಕದ ರಿಪೀಟರ್‌ಗಳು (ಮಾತನ್ನು ಹಿಡಿದು ಮತ್ತೆ ಜೋರಾಗಿ ಕಳಿಸುವ ಯಂತ್ರಗಳು) ಬೆರೆಯದಂತೆ 0ರಿಂದ 15ರವರೆಗಿನ ಒಂದು ‘ಕಲರ್ ಕೋಡ್’. ಇದನ್ನೆಲ್ಲ ಸೇರಿಸಿದ ಫೈಲ್‌ಗೆ ‘ಕೋಡ್‌ಪ್ಲಗ್’ ಅನ್ನುತ್ತಾರೆ. ಲೈಸೆನ್ಸ್ ಬಂದ ಮೇಲೆ ಏಳು ಅಂಕಿಯ ಒಂದು ಡಿಎಂಆರ್ ಐಡಿಯನ್ನೂ ಪಡೆಯಬೇಕು. ಭಾರತದವರ ಐಡಿ ಶುರುವಾಗುವುದು 404ರಿಂದ. ಮೊಬೈಲ್ ಜಾಲಗಳಲ್ಲಿ ನಮ್ಮ ದೇಶಕ್ಕೆ ಇರುವ ಸಂಕೇತಗಳಲ್ಲಿ ಅದೂ ಒಂದು.